ಆರ್ಲಿಸ್ ಎತ್ತಿಸಿದ ಹನ್ನೊಂದು ಮುಚ್ಚಳ

ಎಣ್ಣೆ ಬಾವಿ ಕೊರೆಯಲು ನೂರು ಜನ ಬೇಕು. ಕೊರೆದಾದ ಮೇಲೆ ಅದನ್ನು ನೋಡಿಕೊಳ್ಳಲು ದಿನಕ್ಕೊಮ್ಮೆ ಪಿಕಪ್ಪಿನಲ್ಲಿ ಬಂದು ಹೋಗುವ ಒಬ್ಬ ಸಾಕು. ಅಮೆರಿಕದ ಉತ್ತರ ಡಕೋಟಾ ರಾಜ್ಯದ ಈ ಮೂಲೆಯಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಹಾರ್ಲೋ ಕೌಂಟಿಯನ್ನು ನಡೆಸಲು ನಾವೇ ಆರಿಸಿದ ಐವರು ಕಮಿಷನರುಗಳು ಕಳೆದ ಅಕ್ಟೋಬರಿನಲ್ಲಿ ಇದನ್ನು ಮರೆತುಬಿಟ್ಟಿದ್ದರು. ಮರೆಯಲು ಅನುಕೂಲವಾಗಲಿ ಎಂದೇ ಅವರ ಮೇಜಿನ ಮೇಲೆ ಎಂಬತ್ತು ಪುಟಗಳ ಬಣ್ಣದ ವರದಿಯೊಂದು ಬಂದು ಕೂತಿತ್ತು.

ಅದನ್ನು ಬರೆದವನು ಹೂಸ್ಟನ್ನಿನ ಸಲಹೆಗಾರ ವಿಟೇಕರ್. ಎಣ್ಣೆ ಹೆಚ್ಚು ಬರುತ್ತಿದೆ, ಆದ್ದರಿಂದ ಜನ ಹೆಚ್ಚಾಗುತ್ತಾರೆ, ಆದ್ದರಿಂದ ಮನೆ ಸಾಲುವುದಿಲ್ಲ. ಈಗಿರುವ ಮನೆಗಳಲ್ಲಿ ನೂರಕ್ಕೆ ತೊಂಬತ್ತಾರು ತುಂಬಿಹೋಗಿವೆ. ವರದಿಯ ಸಾರ ಇಷ್ಟೆ. ಪರಿಹಾರವೂ ಅದರಲ್ಲೇ ಇತ್ತು. ಊರಂಚಿನ ಬ್ಲೂಸ್ಟೆಮ್ ಕೋರ್ಟ್ ಎಂಬ ಟ್ರೇಲರ್ ಮನೆಗಳ ಕೇರಿಯನ್ನು ತೆರವು ಮಾಡಿ, ಅಲ್ಲಿ ಒಂದು ಕಂಪನಿ ಮುನ್ನೂರು ಅಪಾರ್ಟ್‌ಮೆಂಟು ಕಟ್ಟಬೇಕು. ರಸ್ತೆ, ನೀರು, ಚರಂಡಿಯ ಖರ್ಚು ನಮ್ಮ ತೆರಿಗೆಯಿಂದ. ಲಾಭ ಯಾರದು ಎಂದು ವರದಿಯಲ್ಲಿ ಬರೆದಿರಲಿಲ್ಲ. ಅಂಥದ್ದನ್ನೆಲ್ಲ ಬಣ್ಣದ ಕಾಗದದಲ್ಲಿ ಅಚ್ಚು ಹಾಕುವುದಿಲ್ಲ.

ಕೇರಿಯ ಜಾಗ ಕೌಂಟಿಯದೇ, ವರ್ಷವರ್ಷ ಗುತ್ತಿಗೆಗೆ ಕೊಟ್ಟದ್ದು. ಅಲ್ಲಿನ ನಲವತ್ತೊಂದು ಮನೆಗಳಿಗೆ ಅರವತ್ತು ದಿನದ ಗಡುವು ಸಿಕ್ಕಿತು. ಅಂದರೆ ಡಿಸೆಂಬರ್. ಟ್ರೇಲರಿಗೆ ಚಕ್ರ ಇರುತ್ತದಲ್ಲ, ಎಳೆದುಕೊಂಡು ಹೋಗಲಿ ಎಂದು ಒಬ್ಬ ಕಮಿಷನರ್ ಅಂದನಂತೆ. ಮೂವತ್ತು ವರ್ಷ ನಿಂತ ಟ್ರೇಲರನ್ನು ಎಳೆದರೆ ಅದು ಮನೆಯಾಗಿ ಉಳಿಯುವುದಿಲ್ಲ, ತಗಡಿನ ರಾಶಿಯಾಗುತ್ತದೆ. ಅಂಥ ನಲವತ್ತೊಂದರಲ್ಲಿ ಹದಿನೇಳನೆಯದು ಆರ್ಲಿಸ್ ಟ್ವೈಟ್‌ಳದು.

ಆರ್ಲಿಸ್‌ಗೆ ಅರವತ್ತೊಂದು ವರ್ಷ. ಗೋಧಿ ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಹೊಲ ಅಪ್ಪನದಾಗಿದ್ದರೂ ಹೊಲದಡಿಯ ಎಣ್ಣೆಯ ಹಕ್ಕನ್ನು ಅಜ್ಜ ಎಂದೋ ಒಂದು ಜೋಡಿ ಕುದುರೆಗೆ ಮಾರಿಬಿಟ್ಟಿದ್ದ. ಹಾಗಾಗಿ ಸುತ್ತಲಿನವರಿಗೆ ಎಣ್ಣೆಯ ದುಡ್ಡು ಬಂದಾಗ ಈ ಮನೆಗೆ ಬಂದದ್ದು ಲಾರಿಗಳ ಧೂಳು ಮಾತ್ರ. ಹತ್ತೊಂಬತ್ತು ವರ್ಷ ಶಾಲೆಯ ಊಟದ ಮನೆಯಲ್ಲಿ ಸೌಟು ಹಿಡಿದಳು. ಎಣ್ಣೆಯ ಬೆಲೆ ಬಿದ್ದ ವರ್ಷ ಗಂಡ ಗೋರ್ಡಿ ಕೆಲಸ ಹುಡುಕಿಕೊಂಡು ಟೆಕ್ಸಸಿಗೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿದ. ಆಕೆ ಅತ್ತದ್ದನ್ನು ಯಾರೂ ನೋಡಲಿಲ್ಲ. ಕೂಡಿಟ್ಟದ್ದನ್ನೆಲ್ಲ ಸುರಿದು ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಹಳೆಯ ಲಾರಿಯೊಂದನ್ನು ಕೊಂಡಳು. ಟ್ಯಾಂಕ್ ತಪಾಸಣೆಯ ಪರವಾನಗಿ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಮೂರನೆಯ ಸಲ ಗೆದ್ದಳು.

"ಗೋರ್ಡಿಗಿಂತ ಈ ಲಾರಿ ಪಂಪೇ ವಾಸಿ ಕಣೇ," ಎನ್ನುತ್ತಿದ್ದಳು. "ಬೆಳಿಗ್ಗೆ ಎಬ್ಬಿಸಿದ್ರೆ ಏಳತ್ತೆ."

ಚರ್ಚಿನಲ್ಲಿ ಭಾನುವಾರದ ಕಾಫಿಗೆ ಕೂತಾಗ ಪಕ್ಕದವರು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸುತ್ತಿದ್ದರು. ಸ್ನಾನ ಮಾಡಿ, ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ಬಂದಿದ್ದರೂ ಅಷ್ಟೆ. ಐವರು ಕಮಿಷನರುಗಳ ಅಧ್ಯಕ್ಷ ಡ್ಯಾರೆಲ್ ಕೆಸೆಲ್ ಅಂತೂ ಎಲ್ಲರಿಗೂ ಕೇಳುವಂತೆ, "ಏನ್ ಆರ್ಲಿಸ್, ವ್ಯಾಪಾರ ಹೆಂಗಿದೆ?" ಎಂದು ಕೆಣಕುತ್ತಿದ್ದ.

"ನೀವು ತಿನ್ನೋದು ನಿಲ್ಸೋವರೆಗೂ ಏನೂ ತೊಂದ್ರೆ ಇಲ್ಲ ಡ್ಯಾರೆಲ್. ನಿಮ್ಮ ಹೊಟ್ಟೆ ನೋಡಿದ್ರೆ ನನ್ನ ಭವಿಷ್ಯ ಚೆನ್ನಾಗಿದೆ."

ಇಂಥ ಹೆಂಗಸಿನ ಕೈಗೆ ಆ ವರದಿ ಸಿಕ್ಕಿತು. ಪಕ್ಕದ ಟ್ರೇಲರಿನ ಮರಿಸೆಲಾ ತಂದುಕೊಟ್ಟಿದ್ದಳು. ಶಾಲೆಯ ಊಟದ ಮನೆಯಲ್ಲಿ ಆರ್ಲಿಸ್ ಬಿಟ್ಟ ಸೌಟನ್ನು ಈಗ ಹಿಡಿದಿರುವವಳು ಇವಳೇ. ಇಬ್ಬರೂ ಅಡಿಗೆ ಮೇಜಿನ ಎದುರುಬದುರು ಕೂತು ಎಂಬತ್ತು ಪುಟ ಓದಿದರು.

"ಮೆಡೋಲಾರ್ಕ್ ಬಡಾವಣೆ ಅರವತ್ತು ಮನೆ, ಎಲ್ಲಾ ಭರ್ತಿ ಅಂತೆ," ಎಂದಳು ಮರಿಸೆಲಾ. ಊರಾಚೆ ಗುಡ್ಡದ ಮೇಲೆ ಅದೇ ಕಂಪನಿ ಮೂರು ವರ್ಷದ ಹಿಂದೆ ಕಟ್ಟಿದ ಮನೆಗಳು ಅವು.

"ಭರ್ತಿನಾ? ಅಲ್ಲಿಂದ ನನಗೆ ಒಂದೇ ಒಂದು ಫೋನ್ ಬಂದಿಲ್ವಲ್ಲೇ."

"ಹೊಸ ಮನೆ ಅಲ್ವಾ, ಟ್ಯಾಂಕ್ ಇನ್ನೂ ತುಂಬಿರಲ್ಲ."

"ಮೂರು ವರ್ಷ ಆಯ್ತು! ಉಂಡು ಹೇಲದೇ ಇರೋಕೆ ಅಲ್ಲಿರೋರೇನು ದೇವದೂತರಾ?"

ಉತ್ತರ ಎಪ್ಪತ್ತೊಂದನೆಯ ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿತ್ತು. ಕರೆಂಟಿನ ಮೀಟರು ಓಡುತ್ತಿದ್ದರೆ ಆ ಮನೆ ತುಂಬಿದೆ ಎಂದು ಲೆಕ್ಕ. ಆರ್ಲಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ನಮ್ಮ ಚಳಿಯಲ್ಲಿ ಖಾಲಿ ಮನೆಯನ್ನೂ ಕಾಯಿಸಿಡಬೇಕು, ಇಲ್ಲದಿದ್ದರೆ ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆದು ಗೋಡೆಯೆಲ್ಲ ಹಾಳು. ಕಂಪನಿ ಅರವತ್ತು ಮನೆಗಳನ್ನೂ ಬೆಚ್ಚಗಿಟ್ಟಿತ್ತು. ಹೂಸ್ಟನ್ನಿನ ಬಿಸಿಲಲ್ಲಿ ಕೂತವನು ಆ ಶಾಖವನ್ನು ಸಂಸಾರ ಎಂದುಕೊಂಡಿದ್ದ.

ಯೋಜನೆಗೆ ಕೊನೆಯ ಮತ ಹಾಕುವ ಸಭೆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಜನರ ಅಹವಾಲಿಗೆ ತಲೆಗೆ ಮೂರು ನಿಮಿಷ. ನಲವತ್ತೊಂದು ಮನೆಯವರೂ ಬಂದಿದ್ದರು. ಕೆಲವರು ಅತ್ತರು, ಕೆಲವರು ಬೈದರು. ಐವರೂ ಕಮಿಷನರುಗಳು ಗಡಿಯಾರ ನೋಡುತ್ತ ಕೇಳಿಸಿಕೊಂಡರು. ಕಣ್ಣೀರನ್ನು ಸಹಿಸುವ ತರಬೇತಿ ಇಂಥವರಿಗೆ ಚೆನ್ನಾಗಿ ಆಗಿರುತ್ತದೆ. ಕೊನೆಗೆ ಎದ್ದವಳು ಆರ್ಲಿಸ್. ಕೆಲಸದ ಬೂಟಿನಲ್ಲೇ ಬಂದಿದ್ದಳು.

"ಮೆಡೋಲಾರ್ಕ್‌ನಲ್ಲಿ ಜನ ಇಲ್ಲ. ಬರೀ ಹೀಟರ್ ಇದೆ," ಎಂದಳು.

ಕಮಿಷನರುಗಳ ಪಕ್ಕ ಕೂತಿದ್ದ ವಿಟೇಕರ್ ನಕ್ಕ. "ಮೇಡಂ, ನಮ್ಮ ಹತ್ರ ಅಂಕಿ-ಅಂಶ ಇದೆ."

"ನನ್ನ ಹತ್ರ ಇರೋದು, ಅಂಕಿ-ಅಂಶ ಊಟ ಮಾಡಿದ್ಮೇಲೆ ಉಳಿಯೋದು ಕಣಪ್ಪಾ. ಮೂರು ವರ್ಷಕ್ಕೊಂದ್ಸಲ ಟ್ಯಾಂಕ್ ತಪಾಸಣೆ ಆಗ್ಬೇಕು ಅನ್ನೋದು ಇದೇ ಕೌಂಟಿಯ ಕಾಯ್ದೆ. ಮೆಡೋಲಾರ್ಕ್‌ದು ಈ ತಿಂಗಳು ಬಂದಿದೆ. ಕಂಪನಿಗೆ ನೋಟಿಸ್ ಕೊಟ್ಟಾಗಿದೆ, ಲಾರಿ ಹೊರಗೆ ನಿಂತಿದೆ. ಬನ್ನಿ ಡ್ಯಾರೆಲ್. ಯಾವ ಮನೆ ಅಂತ ನೀವೇ ಆರ್ಸಿ, ನಾನು ಮುಚ್ಚಳ ಎತ್ತಿ ತೋರಿಸ್ತೀನಿ. ಅರ್ಧಕ್ಕರ್ಧ ಮನೇಲಾದ್ರೂ ಜನ ಇದ್ರೆ ನಾನೇ ಮೊದ್ಲು ಕೇರಿ ಬಿಟ್ಟು ಹೋಗ್ತೀನಿ."

ಕೆಸೆಲ್ ಮೊದಲು ಕೆಂಪಾದ, ಆಮೇಲೆ ಬೆಳ್ಳಗಾದ. ಒಲ್ಲೆ ಎಂದರೆ ಹೆದರಿದ ಎಂದಾಗುತ್ತದೆ, ಸಭಾಂಗಣದ ತುಂಬ ಜನ. ಸಭೆಯನ್ನು ಮೆಡೋಲಾರ್ಕ್‌ಗೇ ವರ್ಗಾಯಿಸಲಾಗಿದೆ ಎಂದು ಸುತ್ತಿಗೆ ಕುಟ್ಟಿದ. ಮುಂದೆ ಸೆಪ್ಟಿಕ್ ಲಾರಿ, ಹಿಂದೆ ಕಮಿಷನರುಗಳ ಕಾರು, ಅದರ ಹಿಂದೆ ಮೂವತ್ತು ಪಿಕಪ್ಪು. ನಮ್ಮ ಕೌಂಟಿ ಇಂಥ ಮೆರವಣಿಗೆಯನ್ನು ಹಿಂದೆಂದೂ ಕಂಡಿರಲಿಲ್ಲ.

ಕೆಸೆಲ್ ಹನ್ನೊಂದು ಮನೆ ಆರಿಸಿದ. ಮೊದಲನೆಯದರ ಮುಚ್ಚಳ ಎತ್ತಿದಾಗ ಎಲ್ಲರೂ ಮೂಗು ಹಿಡಿದುಕೊಂಡರು. ಹಿಡಿದುಕೊಳ್ಳುವಂಥದ್ದೇನೂ ಇರಲಿಲ್ಲ. ಟ್ಯಾಂಕಿನಲ್ಲಿ ಕಟ್ಟುವಾಗ ತುಂಬಿಸಿದ ನೀರು ಹಾಗೇ ತಿಳಿಯಾಗಿ ನಿಂತಿತ್ತು. ಬಗ್ಗಿದ ಕೆಸೆಲ್‌ಗೆ ಅದರಲ್ಲಿ ತನ್ನದೇ ಟೊಪ್ಪಿ, ಟೊಪ್ಪಿಯ ಹಿಂದೆ ಮೋಡ ಕಂಡವು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ನಾಲ್ಕನೆಯ ಮನೆಯಲ್ಲಿ ಮುಚ್ಚಳ ಅರ್ಧ ಎತ್ತುವಷ್ಟರಲ್ಲಿ ವಾಸನೆ ಹೊಡೆಯಿತು. ಬಾಗಿಲು ತೆರೆದು ಹೆಂಗಸೊಬ್ಬಳು ಕಾಫಿ ಲೋಟದ ಸಮೇತ ಹೊರಬಂದಳು.

"ಏನ್ರೀ ಇದು, ನನ್ನ ಕಕ್ಕಸು ನೋಡೋಕೆ ಇಡೀ ಸರ್ಕಾರ ಬಂದಿದೆ?"

"ಈ ಬೀದೀಲಿ ಇನ್ಯಾರಿದ್ದಾರಮ್ಮ?" ಆರ್ಲಿಸ್ ಕೇಳಿದಳು.

"ಆ ತುದೀಲಿ ಒಬ್ಬರು, ಇಲ್ಲಿ ನಾವು. ಮಿಕ್ಕಿದ್ದೆಲ್ಲ ದೆವ್ವ. ಸಂಜೆ ಆದ್ರೆ ತಾವೇ ದೀಪ ಹಚ್ಕೋತವೆ."

ಜನ ಹೋ ಎಂದರು. ವಿಟೇಕರ್ ಫೋನು ಕಿವಿಗಿಟ್ಟುಕೊಂಡು ಕಾರಿನ ಕಡೆ ನಡೆದ. "ತಾಳಪ್ಪಾ, ಇನ್ನೂ ಏಳು ಬಾಕಿ ಇದೆ!" ಎಂದು ಮರಿಸೆಲಾ ಕೂಗಿದಳು. ಹನ್ನೊಂದರಲ್ಲಿ ಒಂಬತ್ತು ತಿಳಿನೀರು. ಕೊನೆಯ ಎರಡು ಮುಚ್ಚಳಗಳನ್ನು ಕೆಸೆಲ್ ಬೂಟಿನ ಹೊಳಪು ಲೆಕ್ಕಿಸದೆ ತಾನೇ ಎತ್ತಿದ. ಅಷ್ಟರಮಟ್ಟಿಗೆ ಅವನನ್ನು ನಾನು ಮೆಚ್ಚುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

ಮತ ಅಲ್ಲೇ, ಒಣಹುಲ್ಲಿನ ಮೇಲೆ ನಿಂತು ಹಾಕಿದರು. ಯೋಜನೆ ನಾಲ್ಕಕ್ಕೆ ಒಂದರಿಂದ ಬಿತ್ತು. ಯೋಜನೆಯ ಪರ ನಿಂತ ಆ ಒಬ್ಬ ಕಮಿಷನರ್ ಕಾರಿನಿಂದ ಇಳಿಯಲೇ ಇಲ್ಲ, ಕಿಟಕಿಯಿಂದ ಕೈ ಎತ್ತಿದ. ಗಡುವಿನ ನೋಟಿಸು ರದ್ದಾಯಿತು. ಆರ್ಲಿಸ್ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

"ಇಷ್ಟಕ್ಕೇ ಮುಗೀಲಿಲ್ಲ ಡ್ಯಾರೆಲ್. ವರ್ಷವರ್ಷದ ಗುತ್ತಿಗೆ ಬೇಡ. ಹದಿನೈದು ವರ್ಷಕ್ಕೆ ಬರ್ಕೊಡಿ."

"ಹತ್ತು," ಎಂದ ಕೆಸೆಲ್.

"ಇನ್ನೂ ನಲವತ್ತೊಂಬತ್ತು ಮುಚ್ಚಳ ಇದೆ. ನನಗೇನೂ ಅವಸರ ಇಲ್ಲ."

ಹದಿನೈದಕ್ಕೇ ಆಯಿತು. ಐವರೂ ಕೈ ಎತ್ತಿದರು, ಕಾರಿನೊಳಗಿನವನೂ ಸೇರಿ. ಅಂದು ಮಧ್ಯಾಹ್ನ ಹದಿನೇಳನೆಯ ಟ್ರೇಲರಿನ ಮುಂದೆ ಮರಿಸೆಲಾಳ ಮೆಕ್ಕೆಜೋಳದ ಕಡುಬಿನಂಥ ತಮಾಲೆಯೂ ಆರ್ಲಿಸ್‌ಳ ಆಲೂಗಡ್ಡೆ ರೊಟ್ಟಿಯೂ ಒಂದೇ ತಟ್ಟೆಯಲ್ಲಿ ಬಿದ್ದವು. ಚರ್ಚಿನಲ್ಲಿ ಕುರ್ಚಿ ಸರಿಸುತ್ತಿದ್ದವರೂ ಬಂದು ನೆಲದ ಮೇಲೆ ಒತ್ತಿಕೊಂಡು ಕೂತು ತಿಂದರು. ಕೇರಿಯ ಒಂದು ಮನೆಯೂ ಆ ಚಳಿಗಾಲದಲ್ಲಿ ಅಲುಗಲಿಲ್ಲ.

ಈಗ ನಿಮಗೆ ಹೇಳುತ್ತೇನೆ. ನಮ್ಮ ಕೌಂಟಿಗೆ ಬಂದಂಥ ವರದಿ ನಿಮ್ಮ ಊರಿಗೂ ಬರುತ್ತದೆ, ಬಂದೇ ಬರುತ್ತದೆ; ಅದರಲ್ಲಿ ನೆಲದಿಂದ ಬರುವ ದುಡ್ಡಿನ ಗೆರೆ ಮೇಲೇರುತ್ತಿರುತ್ತದೆ, ಯಾರದೋ ಮನೆ ನಕ್ಷೆಯಿಂದ ಅಳಿಸಿಹೋಗಿರುತ್ತದೆ. ಆ ಸಭೆಗೆ ಹೋಗಿ. ಕೆಲಸಕ್ಕೆ ರಜೆ ಹಾಕಿ ಹೋಗಿ. ಹಿಂದಿನ ಸಾಲಿನಲ್ಲಿ ಕೂತು ಗೊಣಗಬೇಡಿ. ತುಂಬಿದೆ ಎಂದು ಬರೆದ ಮನೆಗಳಲ್ಲಿ ವಾಸವಿರುವ ಹತ್ತು ಜನರ ಹೆಸರು ಹೇಳಿ ಎಂದು ಎದ್ದುನಿಂತು ಕೇಳಿ. ಅವರು ಹೇಳುವವರೆಗೆ ಕೂರಬೇಡಿ.