ಬೋರಯ್ಯನಿಗೆ ಯಾರೂ ಹಾರನ್ ಹೊಡೆಯುತ್ತಿರಲಿಲ್ಲ

ಕೊರೊನಾ ಕಳೆದ ಎರಡನೆಯ ವರ್ಷ. ನಾನು ಮದ್ದೂರು ತಾಲ್ಲೂಕಿನ ಠಾಣೆಯೊಂದರಲ್ಲಿ ಎ.ಎಸ್.ಐ. ಆಗಿದ್ದೆ. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಆ ಹೊತ್ತಿಗೆ ಬೆಸಗರಹಳ್ಳಿ ಕಡೆಯ ಊರುಗಳಿಗೆ ಬ್ಯಾಟರಿ ಸ್ಕೂಟರ್‌ಗಳು ಬರತೊಡಗಿದ್ದವು. ಗೆಜ್ಜಲಗೆರೆಯ ಫ್ಯಾಕ್ಟರಿಗಳಿಗೆ ಹೋಗುವ ಹೆಣ್ಣುಮಕ್ಕಳಿಗೆ ಅವು ಹೇಳಿ ಮಾಡಿಸಿದಂತಿದ್ದವು. ಮನೆಯಲ್ಲೇ ಚಾರ್ಜು, ಬಸ್ಸಿಗೆ ಕಾಯಬೇಕಿಲ್ಲ. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಮೀರದ ಸಣ್ಣ ಗಾಡಿಗಾದರೆ ಲೈಸೆನ್ಸೂ ಬೇಡ. ಇವುಗಳಿಂದ ಪೊಲೀಸರಿಗೆ ತಲೆನೋವಿಲ್ಲ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಫೋನ್ ಬಂತು. ಹಳ್ಳಿಯೊಂದರ ಹಾಲಿನ ಡೇರಿ ಮುಂದೆ ಸ್ಕೂಟರ್ ತಗುಲಿ ಮುದುಕನೊಬ್ಬ ಬಿದ್ದಿದ್ದಾನೆ. ನಾನು ಹೋಗುವಷ್ಟರಲ್ಲಿ ಅವನನ್ನು ಮಂಡ್ಯದ ಆಸ್ಪತ್ರೆಗೆ ಸಾಗಿಸಿದ್ದರು. ರಸ್ತೆಯ ಮೇಲೆ ಹಾಲು ಚೆಲ್ಲಿತ್ತು. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಿದ್ದ ಸೌಮ್ಯ ಗಾಡಿಯ ಪಕ್ಕ ನೆಲದ ಮೇಲೇ ಕೂತಿದ್ದಳು. ಗಾಡಿ ಕೊಂಡು ನಾಲ್ಕು ದಿನ. ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ.

ಬಿದ್ದವನು ಬೋರಯ್ಯ. ಎರಡು ಕಣ್ಣೂ ಕಾಣದು. ಆದರೂ ದಿನಾ ಒಬ್ಬನೇ ರಸ್ತೆ ದಾಟಿ ಡೇರಿಗೆ ಹಾಲು ಹಾಕುತ್ತಿದ್ದ.

"ಕಣ್ಣೆದುರೇ ಇದ್ದನಲ್ಲಮ್ಮ, ಹಾರನ್ ಯಾಕೆ ಹೊಡೀಲಿಲ್ಲ?" ಗದರಿಸಿಯೇ ಕೇಳಿದೆ.

"ಬೋರಜ್ಜಂಗೆ ಯಾರೂ ಆರನ್ ಒಡೆಯಲ್ಲ ಸಾ. ಒಡುದ್ರೆ ಬೈತದೆ. 'ಕಣ್ ಓಗೈತೆ, ಕಿವಿ ಓಗಿಲ್ಲ ಕಣ್ರಲಾ' ಅಂತದೆ. ನನ್ ಅಳೇ ಮೊಪೆಡ್ ಸದ್ದು ಕೇಳ್ತಿದ್ದಂಗೇ ನಿಂತ್ಕಂಡು, 'ಓಗವ್ವ ಸೌಮ್ಯ' ಅಂತಿತ್ತು. ಇವತ್ತೂ ನಿಂತ್ಕತದೆ ಅನ್ಕಂಡೆ."

ಊರವರೂ ಹೌದೆಂದರು. ಸದ್ದಿನ ಮೇಲೇ ಆತ ಯಾರ ಗಾಡಿ ಎಂದು ಹೇಳುತ್ತಿದ್ದನಂತೆ. ಪಂಚರ ಮುಂದೆ ಬರೆಯುವ ಮಹಜರಿನಲ್ಲಿ ನಾನು "ಹಾರನ್ ಮಾಡದೆ, ನಿರ್ಲಕ್ಷ್ಯದಿಂದ" ಎಂದು ಬರೆದೆ. ಬರೆಯಲೇಬೇಕಿತ್ತು. ಮರ್ಯಾದೆಗಾಗಿ ಹಾರನ್ ಹೊಡೆಯಲಿಲ್ಲ ಎಂಬ ಮಾತಿಗೆ ಅದರಲ್ಲಿ ಜಾಗವಿರಲಿಲ್ಲ.

ಮಧ್ಯಾಹ್ನ ಡಾಕ್ಟರ ಒಪ್ಪಿಗೆ ಪಡೆದು ಬೋರಯ್ಯನ ಹೇಳಿಕೆ ಕೇಳಿದೆ. ತಲೆಗೆ ಬ್ಯಾಂಡೇಜು ಸುತ್ತಿದ್ದರು.

"ಯಾವ ಗಾಡೀನೂ ಬರ್ನಿಲ್ಲ ಸಾಮಿ. ಬಂದಿದ್ರೆ ಕೇಳ್ತಿತ್ತು. ಕಿವೀನೂ ಓಯ್ತು ಅಂತ ಕಾಣ್ತದೆ," ಎಂದು ಅತ್ತ. ತಲೆಯ ಗಾಯಕ್ಕೆ ಅತ್ತವನಲ್ಲ.

"ಕಿವಿಗೇನೂ ಆಗಿಲ್ಲ ಅಜ್ಜ. ಅದು ಬ್ಯಾಟರಿ ಗಾಡಿ, ಸದ್ದೇ ಬರಲ್ಲ. ಬಂದದ್ದು ಸೌಮ್ಯ."

ಕಣ್ಣೊರೆಸಿಕೊಂಡ. ಆಮೇಲೆ, "ಪಾಪ, ಆ ಮಗೀದೇನ್ ತಪ್ಪು? ಆರನ್ ಒಡೀಬ್ಯಾಡಿ ಅಂದಿದ್ದು ನಾನೇ ಅಲ್ವಾ. ಅದ್ನೂ ಬರ್ಕಳಿ," ಎಂದ.

ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡೆ. ಮೂರನೆಯ ದಿನ ತೀರಿಕೊಂಡ. ಆ ಹೇಳಿಕೆಯನ್ನು ಚಾರ್ಜ್‌ಶೀಟಿನ ಜೊತೆ ಕೋರ್ಟಿಗೆ ಕಳಿಸಿದೆ. ನಾನು ನಿವೃತ್ತನಾದಾಗ ಕೇಸು ಇನ್ನೂ ನಡೆಯುತ್ತಿತ್ತು.

ತಿಥಿ ಕಳೆದ ಮೇಲೆ ಸೌಮ್ಯಳ ಮನೆಗೆ ಹೋಗಿ ಅಜ್ಜನ ಮಾತು ತಿಳಿಸಿದೆ. ಅವಳು ಗಾಡಿ ಬಿಟ್ಟು ಬಸ್ಸಿಗೆ ಹೋಗುತ್ತಿದ್ದಳು. ಹಗುರಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ.

"ಆರನ್ ಒಡ್ದು ಬೈಸ್ಕಬೇಕಿತ್ತು ಸಾ," ಎಂದಳು. "ಬೈಯಕ್ಕಾದ್ರೂ ಇರ್ತಿತ್ತು."

ಈಗ ಮಂಡ್ಯದಲ್ಲಿ ನನ್ನ ಓಡಾಟವೂ ಬ್ಯಾಟರಿ ಗಾಡಿಯಲ್ಲೇ. ತಿರುವು ತಿರುವಿಗೂ ಹಾರನ್ ಹೊಡೆಯುತ್ತೇನೆ. "ಇದೇನ್ ಮದ್ವೆ ಮೆರವಣ್ಗೆಯಾ?" ಎಂದು ಹಿಂದೆ ಕೂತ ಹೆಂಡತಿ ರೇಗುತ್ತಾಳೆ. ದಾರಿಯಲ್ಲಿ ಹೋಗುವ ಮುದುಕರೂ ತಿರುಗಿ ಬೈಯುತ್ತಾರೆ. ಅಷ್ಟು ವರ್ಷದ ನೌಕರಿ ಕೊನೆಗೆ ನನಗೆ ಕಲಿಸಿದ್ದು ಇದನ್ನೇ: ಬೈದರೆ ಬೈಯಲಿ, ಬೈಯುವವರು ಇರಬೇಕು.