ಕರಕಾದ ರೊಟ್ಟಿಯ ವಾಸನೆ

ಹುಮನಾಬಾದಿನ ದವಾಖಾನೆಯ ಬೆಂಚಿನ ಮೇಲೆ ನಿದ್ದೆ ಹೋಗಿದ್ದ ನನ್ನ ಮನೆಯವರು, ಹಾಡಹಗಲೇ “ಹೊಳ್ಳೋ ಬಸ್ಯಾ!” ಎಂದು ಇಲ್ಲದ ಎತ್ತಿಗೆ ಕೂಗಿ ಗೋಡೆಗೆ ಒದ್ದರು. ನನ್ನ ಕೆಮ್ಮು ತೋರಿಸಲು ಹೋಗಿದ್ದೆವು. ಮನೆಯಲ್ಲಿ ರಾತ್ರಿಯೂ ಹೀಗೇ ಮಾಡುತ್ತಿದ್ದರು; ಅವರ ಸತ್ತ ಅಣ್ಣ ನಿದ್ದೆಯಲ್ಲಿ ಮೈಮೇಲೆ ಬರುತ್ತಾನೆಂದು ನಾವು ಆಗಲೇ ದರ್ಗಾದ ತಾಯತ ಕಟ್ಟಿಸಿದ್ದೆವು.

ನಿದ್ದೆಯ ರೋಗ ಅಭ್ಯಾಸ ಮಾಡುತ್ತ ಊರೂರು ತಿರುಗುವ ಡಾಕ್ಟರಮ್ಮ ಒಬ್ಬರು ಅಲ್ಲಿದ್ದರು. ನನ್ನನ್ನು ಬದಿಗೆ ಕರೆದು, “ಇವರಿಗೆ ವಾಸನೆ ಗೊತ್ತಾಗುತ್ತಾ ಅಮ್ಮಾ?” ಎಂದರು.

ನನಗೆ ನಗು ಬಂತು. “ಒಲಿ ಮುಂದ ಕೂತಾಗ ರೊಟ್ಟಿ ಕರಕಾದ್ರೂ ಒಂದ್ ಮಾತ್ ಅನ್ನಂಗಿಲ್ರಿ. ಭಾಳ ಶಾಂತ ಮನಿಷಾ.”

ಆಕೆ ನಗಲಿಲ್ಲ. “ನಿದ್ದೆಯಲ್ಲಿ ಹೀಗೆ ಒದ್ದು, ವಾಸನೆಯೂ ತಿಳಿಯದ ಕೆಲವರಿಗೆ ಮುಂದೆ ಮಿದುಳಿನ ರೋಗ ಬಂದು ಕೈ ನಡುಗಿದ್ದು ನೋಡಿದ್ದೇನೆ. ಇವರ ಕೈ ನೋಡ್ತಾ ಇರಿ.”

ಕಲ್ಲಿನಂಥ ಕೈ ಅದು. ಬಸವಕಲ್ಯಾಣ ಮುಟ್ಟುವತನಕ ಬಸ್ಸಿನಲ್ಲಿ ಆಕೆಗೆ ಬೈದೆ. ಕೆಲವು ವರ್ಷಕ್ಕೆ ಅವರ ಬಲಗೈ ಹೆಬ್ಬೆರಳು ತಂಬಾಕಿಲ್ಲದೆಯೇ ತಂಬಾಕು ತಿಕ್ಕತೊಡಗಿತು. ಸಾಯುವತನಕ ನಿಲ್ಲಲಿಲ್ಲ.

ಈಗ ಮಗನಿಗೆ ದವಾಖಾನೆಗೆ ಹೋದಾಗ ಅವರಿಗಿದ್ದ ವಯಸ್ಸು. ಆಗಾಗ ಬೇಕಂತಲೇ ಹಂಚಿನ ಮೇಲೆ ಒಂದು ರೊಟ್ಟಿ ಕರಕಾಗಲು ಬಿಟ್ಟು ಕಾಯುತ್ತೇನೆ. ಪಡಸಾಲೆಯಿಂದ ಅವನು, “ಅವ್ವಾ, ರೊಟ್ಟಿ ಹೊತ್ತಾಕತ್ತದ, ನಿದ್ದಿ ಹತ್ಯಾದೇನು?” ಎಂದು ಬೈದರೆ ಅವತ್ತು ನನಗೆ ಊಟ ಸೇರುತ್ತದೆ.