ಆನೆಯ ಮುಂದೆ ಒಂದೇ ಬಸ್ಕಿ

ಕೀನ್ಯಾದಲ್ಲಿ ಸಫಾರಿಯ ಕೊನೆಯ ಬೆಳಿಗ್ಗೆ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಪೊದೆಯ ಹಿಂದಿನಿಂದ ಒಂದು ಹೆಣ್ಣಾನೆ ಬಂದು ನಮ್ಮ ಜೀಪಿನಿಂದ ಹದಿನೈದು ಅಡಿ ದೂರದಲ್ಲಿ ನಿಂತಿತು. ಅದರ ಮಗ್ಗುಲಲ್ಲಿ ಮರಿಯಿತ್ತು. ಡ್ರೈವರ್ ಜೋಸೆಫ್ ಎಂಜಿನ್ ಆರಿಸಿ, "ಯಾರೂ ಅಲ್ಲಾಡಬೇಡಿ" ಎಂದು ಪಿಸುಗುಟ್ಟಿದರು. ಅಮೆರಿಕದ ಡೌನರ್ಸ್ ಗ್ರೋವ್‌ನಲ್ಲೇ ಹುಟ್ಟಿ ಬೆಳೆದ ನಮ್ಮ ಏಳು ವರ್ಷದ ಅದಿತಿ ಎದ್ದು ನಿಂತಳು. ಕೈಗಳನ್ನು ಅಡ್ಡ ಮಾಡಿ ಎರಡೂ ಕಿವಿ ಹಿಡಿದಳು. ಅಲ್ಲಿ ನಮ್ಮ ಮನೆ ಹತ್ತಿರದ ಲೆಮಾಂಟ್ ದೇವಸ್ಥಾನದಲ್ಲಿ ಗಣಪತಿಯ ಮುಂದೆ ಹೊಡೆಯುವ ಹಾಗೆ ಒಂದು ಬಸ್ಕಿ ಹೊಡೆದಳು.

ಆನೆ ಕಿವಿ ಅಗಲಿಸಿತು. ನಾನು ಮಗಳನ್ನು ಸೀಟಿಗೆ ಎಳೆದು ಅದುಮಿ ಹಿಡಿದೆ. ಆನೆ ಒಂದು ಹೆಜ್ಜೆ ಮುಂದಿಟ್ಟಿತು. ಸೊಂಡಿಲೆತ್ತಿ ಗಾಳಿ ಮೂಸಿತು. ಆಮೇಲೆ ಮರಿಯನ್ನು ಮುಂದೆ ಬಿಟ್ಟುಕೊಂಡು ಹುಲ್ಲಿನೊಳಗೆ ಹೊರಟುಹೋಯಿತು.

"ಅಪ್ಪಾ, ಥ್ರೀ ಮಾಡ್ಬೇಕಿತ್ತು! ಟೂ ಮೋರ್ ಇದೆ," ಅದಿತಿ ಸಿಡುಕಿದಳು.

"ಸುಮ್ನಿರೇ, ಅದು ಗಣಪತಿ ಅಲ್ಲ ಕಣೇ," ಎಂದಳು ನನ್ನ ಹೆಂಡತಿ. ಅಳುತ್ತಲೇ ನಗುತ್ತಿದ್ದಳು.

"ಹೌ ಡು ಯು ನೋ?"

ಕ್ಯಾಂಪ್ ತಲುಪಿದ ಮೇಲೆ ಜೋಸೆಫ್‌ಗೆ ಗಣಪತಿ, ಬಸ್ಕಿ ಎಲ್ಲ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಟೊಪ್ಪಿ ತೆಗೆದಿಟ್ಟು, ಆನೆ ಹೋದ ದಿಕ್ಕಿಗೆ ತಿರುಗಿ ಕಿವಿ ಹಿಡಿದರು.

"ಕ್ರಾಸ್ ಯುವರ್ ಹ್ಯಾಂಡ್ಸ್, ಅಂಕಲ್!" ಅದಿತಿ ತಿದ್ದಿದಳು.

ಅವರಿಬ್ಬರ ಪಕ್ಕ ನಾನೂ ನಿಂತೆ. ಮೊದಲ ಬಸ್ಕಿಗೇ ನನ್ನ ಮಂಡಿ ಸೋತಿತು. ಹುಲ್ಲಿನ ಮೇಲೆ ಕೂತವನಿಗೆ ನಗು ನಿಲ್ಲುವವರೆಗೂ ಏಳಲಾಗಲಿಲ್ಲ.